ರಸ್ತೆ ಜಗಳದೊಳಗಿನ ನೀರಿನ ಲೆಕ್ಕ: ಮೂಡಿಗೆರೆ ಕಡೆಯ ಪ್ರಶ್ನೆಗೆ ಉತ್ತರ

ಅಣ್ಣಾ, ಮೇಲಿನ ಕೇರಿಗೆ 400 ಮೀಟರ್ ಕಾಂಕ್ರೀಟ್ ರಸ್ತೆ ಮಂಜೂರಾಗಿ ಗುದ್ದಲಿಪೂಜೆಯೂ ಮುಗಿದಿದೆ, ಕೆಳಗಿನ ಗದ್ದೆಯವರು ಕೆಲಸ ತಡೆದಿದ್ದಾರೆ, ಈಗ ಅದು ಎರಡು ಪಾರ್ಟಿಗಳ ಜಗಳವಾಗಿದೆ, ಮುಂದಿನ ಪಂಚಾಯ್ತಿ ಎಲೆಕ್ಷನ್‌ಗೆ ಯಾರನ್ನು ನಿಲ್ಲಿಸೋಣ ಅಂತ ಕೇಳಿದ್ದೀರಿ. ಮೇಲಿನ ಉತ್ತರಗಳಲ್ಲಿ ಎಲ್ಲರೂ ಹೆಸರು ಹೇಳುತ್ತಿದ್ದಾರೆ. ಹೆಸರು ಆಮೇಲೆ, ಮೊದಲು ನೀರಿನ ಲೆಕ್ಕ ಹಾಕಿ.

400 ಮೀಟರ್ ಉದ್ದ, 3 ಮೀಟರ್ ಅಗಲ ಅಂದರೆ 1,200 ಚದರ ಮೀಟರ್. ಆಷಾಢದಲ್ಲಿ ದಿನಕ್ಕೆ 100 ಮಿ.ಮೀ. ಮಳೆ ನಮ್ಮ ಕಡೆ ದೊಡ್ಡ ವಿಷಯವಲ್ಲ. ಅಷ್ಟು ಬಂದರೆ ಆ ರಸ್ತೆಯ ಮೇಲೆ ಬೀಳುವುದು 1,20,000 ಲೀಟರ್, ಅಂದರೆ 5,000 ಲೀಟರಿನ 24 ಟ್ಯಾಂಕರ್. ಮಣ್ಣಿನ ದಾರಿಯಾದರೆ ಒಂದಷ್ಟು ಇಂಗುತ್ತದೆ, ಒಂದಷ್ಟು ಅಲ್ಲಲ್ಲಿ ತೋಟಕ್ಕೆ ಇಳಿಯುತ್ತದೆ. ಕಾಂಕ್ರೀಟಾದರೆ ಹೆಚ್ಚುಕಮ್ಮಿ ಪೂರ್ತಿ ಕೆಳಕ್ಕೇ. ಗುಡ್ಡದ ಮೇಲಿಂದ ಬರುವ ನೀರು ಬೇರೆ. ಎಸ್ಟಿಮೇಟಿನಲ್ಲಿ ಚರಂಡಿ, ರಸ್ತೆಯಡಿ ನೀರು ದಾಟಿಸುವ ಮೋರಿ ಇಲ್ಲದಿದ್ದರೆ ಇಷ್ಟೂ ನೀರು ಕೊನೆಯ ತಿರುವಿನಲ್ಲಿ ಗದ್ದೆಗೆ ನುಗ್ಗಿ ಬದು ಒಡೆದು ಸಸಿ ಮೇಲೆ ಜಲ್ಲಿ ಮಣ್ಣು ಹಾಸುತ್ತದೆ. ಗದ್ದೆಯವರನ್ನು ಅಭಿವೃದ್ಧಿ ವಿರೋಧಿಗಳು ಅನ್ನುವವರು ಒಂದು ಮಳೆಗಾಲ ಅವರ ಬದು ಕಟ್ಟಿಕೊಡಲಿ. ಹಾಗಂತ ಮೇಲಿನ ಕೇರಿಯವರ ಬೇಡಿಕೆಯೂ ಸುಳ್ಳಲ್ಲ. ಜುಲೈನಲ್ಲಿ ಆಂಬುಲೆನ್ಸ್ ಹತ್ತದ ದಾರಿಯಲ್ಲಿ ಬಾಣಂತಿಯನ್ನು ಹೊತ್ತು ತರಬೇಕು.

ಪರಿಹಾರ ಇರುವುದು ನೀರನ್ನು 400 ಮೀಟರ್ ಓಡಲು ಬಿಡದೆ ಇರುವುದರಲ್ಲಿ. ಗುಡ್ಡದ ಕಡೆ ಚರಂಡಿ ಬೇಕು, ರಸ್ತೆಯ ಇಳಿಜಾರೂ ಆ ಕಡೆಗೇ ಇರಬೇಕು. 3 ಮೀಟರ್ ಅಗಲಕ್ಕೆ ಗುಡ್ಡದ ಅಂಚು 6-7 ಸೆಂ.ಮೀ. ತಗ್ಗಿದ್ದರೆ ಸಾಕು. ಕಾಂಕ್ರೀಟ್ ಹಾಕುವ ಮೊದಲು ಸೆಂಟ್ರಿಂಗ್ ಹಲಗೆಗೆ ಲೆವೆಲ್ ಟ್ಯೂಬ್ ಹಿಡಿದು ನೋಡಿ, ಆಮೇಲೆ ಏನೂ ಮಾಡಲಾಗದು. ಇಳಿಜಾರು ಜೋರಿರುವ ಕಡೆ 50 ಮೀಟರಿಗೊಂದರಂತೆ, ಮೊದಲಿನಿಂದಲೂ ನೀರು ಹಳ್ಳಕ್ಕೆ ಹರಿಯುತ್ತಿದ್ದ ಜಾಗ ಹುಡುಕಿ ಅಡ್ಡ ಪೈಪ್ ಹಾಕಿಸಿ. 300 ಮಿ.ಮೀ. ಪೈಪ್ ಸಾಕು ಅನ್ನುತ್ತಾರೆ, ಒಪ್ಪಬೇಡಿ. ಸಿಲ್ವರ್ ಓಕ್ ಎಲೆ, ತೋಟದಲ್ಲಿ ಕಡಿದ ರೆಂಬೆ ಸೇರಿ ಒಂದೇ ಮಳೆಗೆ ಕಟ್ಟಿಕೊಳ್ಳುತ್ತದೆ. ಕನಿಷ್ಠ 600 ಮಿ.ಮೀ. ಹ್ಯೂಮ್ ಪೈಪ್ (ಕಾಂಕ್ರೀಟ್ ಪೈಪ್) ಇರಲಿ. ಒಂದು ಪೈಪ್ ಎರಡೂವರೆ ಮೀಟರ್ ಬರುತ್ತದೆ, ಒಂದು ಮೋರಿಗೆ ಎರಡು ಬೇಕು. ಮೇಲೆ 60 ಸೆಂ.ಮೀ. ಮಣ್ಣು ಸಿಗದಿದ್ದರೆ ಸುತ್ತ ಕಾಂಕ್ರೀಟ್ ತುಂಬಿಸಬೇಕು, ಇಲ್ಲವೇ ಮರದ ಲಾರಿ ಹತ್ತಿದ ದಿನ ಒಡೆಯುತ್ತದೆ. ಪೈಪಿನ ಮೇಲ್ಬಾಯಿಗೆ ಎಲೆ, ಮರಳು ಕೂರಲು ಒಂದು ಗುಂಡಿ ಇರಲಿ, ನೀರು ಬೀಳುವ ಕಡೆ ಕಲ್ಲು ಪಿಚಿಂಗ್ (ಕಲ್ಲಿನ ಹಾಸು) ಇರಲಿ. ಪಿಚಿಂಗ್ ಬಿಟ್ಟರೆ ಎರಡನೇ ವರ್ಷ ಅಲ್ಲಿ ಕೊರಕಲು ಬಿದ್ದು ರಸ್ತೆಯ ಅಂಚೇ ಜಾರುತ್ತದೆ. ಬರೆಯನ್ನು, ಅಂದರೆ ರಸ್ತೆ ಬದಿಯ ಗುಡ್ಡದ ಏರನ್ನು, ಜೆಸಿಬಿಯಲ್ಲಿ ನೆಟ್ಟಗೆ ಕಡಿಯಲು ಬಿಡಬೇಡಿ. 2019ರ ಆಗಸ್ಟಿನಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದಿದ್ದನ್ನು ಯಾರೂ ಮರೆತಿಲ್ಲ.

ಜಾಗದ ವಿಷಯ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಇದೆಯಾ, ಪಹಣಿಯ 3ನೇ ಕಾಲಂನಲ್ಲಿ ಬ ಖರಾಬು ಎಷ್ಟಿದೆ ನೋಡಿ. ಬ ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ, ಅದನ್ನು ಯಾರೂ ಬೇಲಿಯೊಳಗೆ ಸೇರಿಸಿಕೊಳ್ಳುವಂತಿಲ್ಲ. ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ಅಂದಾಜಿಗೆ ಸರಿ, ಗಡಿ ತೀರ್ಮಾನಕ್ಕೆ ಸರ್ವೆಯವರು ಅಳೆದು ಗಡಿ ಗುರುತಿಸುವ ಹದ್ದುಬಸ್ತೇ ಆಗಬೇಕು. ದಾರಿ ಯಾರದ್ದಾದರೂ ಹಿಡುವಳಿಯಲ್ಲಿ ಹೋಗುತ್ತಿದ್ದರೆ ಬಾಯಿಮಾತಿನ ಒಪ್ಪಿಗೆಯಾಗಲಿ, 100 ರೂಪಾಯಿ ಸ್ಟಾಂಪ್ ಪೇಪರಿನ ಒಪ್ಪಿಗೆ ಪತ್ರವಾಗಲಿ ನಿಲ್ಲುವುದಿಲ್ಲ. ಪಂಚಾಯ್ತಿ ಹೆಸರಿಗೆ ದಾನಪತ್ರ ರಿಜಿಸ್ಟರ್ ಆಗಬೇಕು. ಇಲ್ಲದಿದ್ದರೆ ತೋಟ ಕೈಬದಲಾದಾಗ ಹೊಸ ಮಾಲೀಕ ಗೇಟ್ ಹಾಕುತ್ತಾನೆ, ಬಿಲ್ ಆದ ರಸ್ತೆಯ ಮೇಲೆಯೇ. ನಡುವೆ ಅರಣ್ಯ ಜಾಗ ಸಿಕ್ಕಿದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಓದಿ. ಊರಿನ ರಸ್ತೆಗೆ 1 ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರಬಾರದು ಎಂಬ ಮಿತಿಯೊಳಗೆ ಅವಕಾಶ ಇದೆ, ಆದರೆ ಗ್ರಾಮಸಭೆಯ ಶಿಫಾರಸು ಬೇಕೇಬೇಕು.

ಈಗ ಕಾಗದ. ಕೆಲಸ ಮಾಡಿಸುತ್ತಿರುವುದು ಪಂಚಾಯ್ತಿಯೋ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವೋ, ಲೋಕೋಪಯೋಗಿಯೋ ತಿಳಿದುಕೊಳ್ಳಿ. ಆ ಕಚೇರಿಯ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಆರ್‌ಟಿಐ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ರಸ್ತೆ ಬಗ್ಗೆ ಎಲ್ಲ ಮಾಹಿತಿ ಕೊಡಿ" ಅಂತ ಬರೆದರೆ ವಾಪಸ್ ಕಳಿಸಲು ನೀವೇ ನೆಪ ಕೊಟ್ಟಂತೆ. ಎಸ್ಟಿಮೇಟ್, ಕಾರ್ಯಾದೇಶ, ಅಳತೆ ಪುಸ್ತಕದ ನಕಲು ಅಂತ ಹೆಸರು ಹಿಡಿದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು, ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನು ಖುದ್ದು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ.

ಎಸ್ಟಿಮೇಟಿನಲ್ಲಿ ದಪ್ಪ 15 ಸೆಂ.ಮೀ. ಅಂತಿದ್ದರೆ ಒಟ್ಟು 180 ಘನ ಮೀಟರ್ ಕಾಂಕ್ರೀಟ್. 6 ಘನ ಮೀಟರಿನ ಮಿಕ್ಸರ್ ಲಾರಿ 30 ಬರಬೇಕು. 24ಕ್ಕೇ ಮುಗಿದರೆ ನಿಮ್ಮ ರಸ್ತೆ 12 ಸೆಂ.ಮೀ. ಆಗಿದೆ ಅಂತ ಅರ್ಥ, ಯಾರ ಜೊತೆಗೂ ವಾದ ಬೇಡ. ಲಾರಿಯ ಚಲನ್ ಫೋಟೊ ತೆಗೆದಿಟ್ಟುಕೊಳ್ಳಿ. ಅಂಚಿನಲ್ಲಿ ಟೇಪ್ ಹಿಡಿದು ಸಮಾಧಾನ ಪಡಬೇಡಿ. ಅಂಚಿಗೆ ದಪ್ಪ ಕೊಟ್ಟು ನಡುವೆ ಮಣ್ಣು ಉಬ್ಬಿಸಿ ಬಿಡುವುದು ಹಳೆಯ ಕೈಚಳಕ. 4 ಮೀಟರಿಗೊಂದು ಜಾಯಿಂಟ್ ಅನ್ನು ಒಂದು ದಿನದೊಳಗೆ, ಸುಮಾರು 4 ಸೆಂ.ಮೀ. ಆಳಕ್ಕೆ ಕತ್ತರಿಸಬೇಕು. ವಾರ ಬಿಟ್ಟು ಕತ್ತರಿಸಿದರೆ ಅಷ್ಟರಲ್ಲಿ ಕಾಂಕ್ರೀಟ್ ತನಗೆ ಬೇಕಾದ ಕಡೆ ಬಿರುಕು ಬಿಟ್ಟಿರುತ್ತದೆ. 14 ದಿನ ನೀರು ನಿಲ್ಲಿಸಿ ಕ್ಯೂರಿಂಗ್, ಲೋಡ್ ಲಾರಿಗೆ 28 ದಿನ ಬಂದ್. ಹಾಗಾಗಿ ಅರೇಬಿಕಾ ಕುಯ್ಲು ಮುಗಿದ ಮೇಲೆ ಜನವರಿಯಲ್ಲಿ ಮೋರಿ, ಚರಂಡಿ, ಫೆಬ್ರವರಿಯಲ್ಲಿ ಕಾಂಕ್ರೀಟ್. ರೊಬಸ್ಟಾದವರು ಒಂದು ತಿಂಗಳು ಮೂಟೆಯನ್ನು ಜೀಪಿನಲ್ಲಿ ಸಾಗಿಸಬೇಕಾದೀತು, ಅದನ್ನು ಮೊದಲೇ ಮಾತಾಡಿಕೊಳ್ಳಿ. ಮಾರ್ಚ್ 31ರ ಬಿಲ್ಲಿಗೆಂದು ಅವಸರ ಮಾಡಿಸಿದರೆ ಮೊದಲು ಬಿಟ್ಟುಹೋಗುವುದು ಕ್ಯೂರಿಂಗೇ.

ಇನ್ನು ಎಲೆಕ್ಷನ್. ಗ್ರಾಮ ಪಂಚಾಯ್ತಿ ಚುನಾವಣೆಗೆ ಕಾನೂನಿನಲ್ಲಿ ಪಕ್ಷದ ಚಿಹ್ನೆಯೇ ಇಲ್ಲ, ಊರೊಳಗೆ ಪಾರ್ಟಿ ತಂದುಕೊಂಡವರು ನಾವೇ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ಕ್ಕೆ ಮುಗಿದು ಆಡಳಿತಾಧಿಕಾರಿಗಳ ಕೈಗೆ ಹೋದದ್ದನ್ನೂ ನೋಡಿದ್ದೇವೆ. ಮೇಲೆ ಕೇಳುವವರಿಲ್ಲದಾಗ ಗ್ರಾಮ ಪಂಚಾಯ್ತಿ ಸದಸ್ಯನಿಗೆ ಕಾಗದ ಓದಲು ಬರುವುದು ಇನ್ನೂ ಮುಖ್ಯ. ನಿಲ್ಲುವವರನ್ನು ಕೂರಿಸಿಕೊಂಡು ಕೇಳಿ: ಈ ರಸ್ತೆಯ ನೀರು ಎಲ್ಲಿ ಬಿಡುತ್ತೀರಿ, ಪ್ರತಿ ಮೇ ತಿಂಗಳು ಮೋರಿ ಗುಂಡಿಯ ಹೂಳು ತೆಗೆಯುವ ಖರ್ಚು ಪಂಚಾಯ್ತಿಯ ಯಾವ ಲೆಕ್ಕದಲ್ಲಿ ಹಾಕುತ್ತೀರಿ? 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೆಂದೇ ಮೀಸಲಿತ್ತು. "ಪೂರ್ತಿ ರಸ್ತೆಗೆ ಹಾಕಿಸ್ತೀನಿ" ಅಂದವರಿಗೆ ಆ ಲೆಕ್ಕ ಗೊತ್ತಿರಲಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳಿದರು. ಮನೆ ಕಂದಾಯ ವಸೂಲಿ ಮಾಡುತ್ತೇನೆ ಅಂತ ಎಲೆಕ್ಷನ್‌ಗೆ ಮುಂಚೆ ಬಾಯಿಬಿಟ್ಟು ಹೇಳುವವನಿದ್ದರೆ ಅವನ ಮಾತು ಪೂರ್ತಿ ಕೇಳಿ. ರಿಪೇರಿಗೆ ದುಡ್ಡು ಬರುವುದು ಅಲ್ಲಿಂದಲೇ.

ಎಲೆಕ್ಷನ್‌ವರೆಗೆ ಕಾಯುವ ಅಗತ್ಯವೂ ಇಲ್ಲ. ವಾರ್ಡ್ ಸಭೆಗೆ ಎರಡೂ ಕಡೆಯವರು ಬನ್ನಿ, ಜೆ.ಇ. (ಕಿರಿಯ ಇಂಜಿನಿಯರ್) ಅವರನ್ನು ಕರೆಸಿ, ಸಭೆಗೆ ಮೊದಲು ರಸ್ತೆಯ ಉದ್ದಕ್ಕೂ ನಡೆದು ಮೋರಿ ಬರುವ ಜಾಗಕ್ಕೆ ಗೂಟ ಹೊಡೆಯಿರಿ. ಗೂಟದ ಸಂಖ್ಯೆ, ಜಾಗ ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರ ಸಹಿ ಆದ ಮೇಲೆ ಪುಟದ ಫೋಟೊ ತೆಗೆದುಕೊಳ್ಳಿ. ಖಾಲಿ ಪುಟಕ್ಕೆ ಸಹಿ ಹಾಕಬೇಡಿ, "ಆಮೇಲೆ ಬರ್ಕೋತೀವಿ" ಅನ್ನುತ್ತಾರೆ. ಎಸ್ಟಿಮೇಟ್ ಸಿಕ್ಕಿದ ಕೂಡಲೇ ಚರಂಡಿ, ಮೋರಿ ಇರುವ ಪುಟಗಳನ್ನು ಇಲ್ಲೇ ಹಾಕಿ. ಮೋರಿಯೇ ಇಲ್ಲದಿದ್ದರೆ ಪರಿಷ್ಕೃತ ಅಂದಾಜಿಗೆ ಅರ್ಜಿ ಹೇಗೆ ಬರೆಯುವುದು ಅಂತ ನೋಡೋಣ.