ದುಂಡೆಲೆಯ ನೀಲಗಿರಿ ಯಾವುದು?

ಪ್ರಶ್ನೆ: ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇವೆ. ಎರಡು ವರ್ಷದ ಹಿಂದೆ ತಂದ ನೀಲಗಿರಿ ಗಿಡ ಕುಂಡದಲ್ಲೇ ನಾಲ್ಕು ಅಡಿ ಬೆಳೆದಿದೆ. ಎಲೆಗಳು ದುಂಡಗೆ, ಬೂದು ನೀಲಿ ಬಣ್ಣಕ್ಕಿವೆ. ಈಗ ತುದಿಯಲ್ಲಿ ಉದ್ದನೆಯ ಎಲೆ ಚಿಗುರುತ್ತಿದೆ. ಇದು ಯಾವ ಜಾತಿ? ಚಳಿ ತಡೆಯುತ್ತದೆಯೇ?

ಉತ್ತರ: ಗಿಡ ಬದಲಾಗಿಲ್ಲ, ಪ್ರಾಯಕ್ಕೆ ಬರುತ್ತಿದೆ. ಎಳೆಯ ಎಲೆ ದುಂಡು, ಬಲಿತ ಎಲೆ ಕತ್ತಿಯಂತೆ ಉದ್ದ. ನಿಮ್ಮ ವಿವರಣೆಗೆ ಹೆಚ್ಚು ಹೊಂದುವುದು ಯೂಕಲಿಪ್ಟಸ್ ಗನ್ನಿ, ಅಂದರೆ ಸೈಡರ್ ಗಮ್. ಟಾಸ್ಮೇನಿಯಾದ ಎತ್ತರದ ಚಳಿನಾಡು ಇದರ ತವರು. ಅಲ್ಲಿನ ಮೂಲನಿವಾಸಿಗಳು ಇದರ ಸಿಹಿ ರಸವನ್ನು ಹುದುಗಿಸಿ ಕುಡಿಯುತ್ತಿದ್ದರು. ಊಟಿಯ ಗುಡ್ಡಗಳಲ್ಲಿರುವ ದೊಡ್ಡ ನೀಲಗಿರಿಗೂ ಟಾಸ್ಮೇನಿಯಾವೇ ತವರು, ಆದರೆ ಅದಕ್ಕೆ ನಿಮ್ಮಲ್ಲಿನ ಹಿಮ ಒಗ್ಗದು.

ಒಮ್ಮೆ ಎಲೆಗಳನ್ನು ಹತ್ತಿರದಿಂದ ನೋಡಿ. ತೊಟ್ಟಿಲ್ಲದ ಎಳೆಯ ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿ ಕೂತಿದ್ದು, ಬೆರಳಿನಿಂದ ಉಜ್ಜಿದಾಗ ಬೂದಿ ಅಳಿಸಿ ಹಸಿರು ಕಂಡರೆ ಗನ್ನಿ ಎನ್ನಲು ಧೈರ್ಯ ಬರುತ್ತದೆ. ಎರಡು ಎಲೆಗಳು ಬೆಸೆದುಕೊಂಡು, ಕಾಂಡವು ನಡುವೆ ತೂರಿ ಬಂದಂತೆ ಕಂಡರೆ ಅದು ಪೆರಿನಿಯಾನಾ ಎಂಬ ಇನ್ನೊಂದು ನೀಲಗಿರಿ ಜಾತಿ. ಅದರ ಒಣಗಿದ ಎಲೆ ಗಾಳಿಗೆ ಕಾಂಡದ ಸುತ್ತ ಚಕ್ರದಂತೆ ತಿರುಗುತ್ತದೆ! ಬಲಿತ ಎಲೆಯ ನರಗಳು ತೊಟ್ಟಿನಿಂದ ತುದಿಗೆ ಸಾಲುಗೆರೆಯಂತೆ ಓಡಿದರೆ ಅದು ಸ್ನೋ ಗಮ್ ಎಂಬ ಮತ್ತೊಂದು ಜಾತಿ. ಮುಂದೆ ಮೊಗ್ಗು ಬಂದಾಗ ಮೂರು ಮೂರರ ಗೊಂಚಲಿದ್ದರೆ ಗನ್ನಿಯ ಊಹೆಗೆ ಇನ್ನಷ್ಟು ಬಲ. ಪೆರಿನಿಯಾನಾದಲ್ಲೂ ಮೂರೇ ಇರುವುದರಿಂದ ಎಲೆಯನ್ನು ಮರೆಯಬೇಡಿ.

ನೆಲದಲ್ಲಿ ಬೇರೂರಿದ ಗನ್ನಿ ಮೈನಸ್ 10 ಡಿಗ್ರಿಯ ಚಳಿಯನ್ನೂ ತಡೆಯುತ್ತದೆ. ನನ್ನ ಚಿಂತೆ ಇರುವುದು ಕುಂಡದ ಬಗ್ಗೆ. ಎರಡು ವರ್ಷ ಇಕ್ಕಟ್ಟಿನಲ್ಲಿದ್ದ ಬೇರು ಸುತ್ತಿಕೊಂಡಿರುತ್ತದೆ. ಅಂಥ ಗಿಡ ನೆಲಕ್ಕೆ ಹೋದಮೇಲೂ ಬೇರು ಹರಡದೆ ಬಿರುಗಾಳಿಗೆ ಬುಡಸಮೇತ ಉರುಳುತ್ತದೆ. ಮೆಲ್ಲಗೆ ಹೊರತೆಗೆದು ನೋಡಿ. ಸುತ್ತಿದ ಬೇರು ಇನ್ನೂ ಸಣ್ಣದಿದ್ದರೆ ಕತ್ತರಿಸಿ, ಬಿಡಿಸಿ ನೆಡಿ. ಹಗ್ಗದಂತೆ ದಪ್ಪಗಿದ್ದರೆ, ಹೇಳಲು ಬೇಸರವಾದರೂ, ಒಂದು ಅಡಿಯ ಹೊಸ ಸಸಿಯೇ ಒಳ್ಳೆಯದು. ಅದು ಬೇಗ ಬೇರು ಹಿಡಿದು ದೊಡ್ಡ ಗಿಡವನ್ನೇ ಹಿಂದಿಕ್ಕುತ್ತದೆ.

ಹಿಮದ ಭಯ ಕಳೆದ ಮೇಲೆ, ಮೇ ತಿಂಗಳ ಕೊನೆಯಲ್ಲಿ, ಬಿಸಿಲು ಬೀಳುವ ಜಾಗದಲ್ಲಿ ನೆಡಿ. ಮೊದಲ ಬೇಸಿಗೆ ನೀರು ತಪ್ಪಿಸಬೇಡಿ. ಬಿಟ್ಟರೆ 20 ಮೀಟರ್ ದಾಟುವ ಮರವಿದು, ಮನೆಯ ಗೋಡೆಗೆ ಹತ್ತಿರ ಬೇಡ. ಹಿತ್ತಿಲು ಚಿಕ್ಕದಿದ್ದರೆ, ಬೇರು ಗಟ್ಟಿಯಾದ ಮೇಲೆ ಪ್ರತಿ ಮಾರ್ಚ್‌ನಲ್ಲಿ ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಬುಡದ ಗಂಟಿನಿಂದ ಚಿಗುರೊಡೆದು ನೀವು ಮೆಚ್ಚಿದ ದುಂಡೆಲೆಗಳೇ ಮತ್ತೆ ಬರುತ್ತವೆ.