ಮೇಷ್ಟ್ರೇ, ಕ್ಲೈಮ್ಯಾಕ್ಸ್ ಅಂದ್ರೆ ಮುಗೀತು ಅಂತ ಅಲ್ಲ

ಶಿಡ್ಲಘಟ್ಟದಿಂದ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿರೋ ಕಾಗದ ಇದು: "ಹೋದ ಸಂಚಿಕೇಲಿ ಪೌರಾಣಿಕ ನಾಟಕದ ಬಗ್ಗೆ ಬರೀತಾ ‘ಬೆಳಗಿನ ಜಾವಕ್ಕೆ ನಾಟಕ ಕ್ರೆಸೆಂಡೋ ತಲುಪಿ ಕ್ಲೈಮ್ಯಾಕ್ಸ್ ಆಯಿತು’ ಅಂತ ಹಾಕಿದ್ದೀರಿ. ಇದು ಸರಿನಾ? ನಾನು ಇಂಗ್ಲಿಷ್ ಪಾಠ ಮಾಡೋನು. ಕ್ಲೈಮ್ಯಾಕ್ಸ್, ಕಲ್ಮಿನೇಟ್, ಕನ್‌ಕ್ಲೂಡ್, ಫಿನಿಶ್, ಯಾವುದು ಕೊಟ್ರೂ ನಮ್ಮ ಮಕ್ಕಳು ‘ಮುಗಿಯಿತು’ ಅಂತ ಒಂದೇ ಬರೀತಾರೆ. ತಪ್ಪು ಅಂತ ಹಾಕೋಕೆ ಕೈ ಬರಲ್ಲ, ನಮ್ಮ ಭಾಷೇಲಿ ಇರೋದೇ ಆ ಒಂದು ಸಪ್ಪೆ ಪದ ಅಲ್ವಾ?"

ಮೇಷ್ಟ್ರೇ, ಮೊದಲು ತಪ್ಪು ಒಪ್ಕೊಂಡ್ಬಿಡ್ತೀನಿ, ಆ ಸಾಲು ನಾನೇ ತಿದ್ದಿ ಕಳಿಸಿದ್ದು, ಮತ್ತೆ ಅದು ಸರಿ ಇಲ್ಲ. ಕ್ರೆಸೆಂಡೋ ಇಟಾಲಿಯನ್ ಪದ, ಬೆಳೀತಾ ಹೋಗೋದು ಅಂತ ಅರ್ಥ, ಸಂಗೀತದವರು ಬರೆದ ಸ್ವರದ ಕೆಳಗೆ ಅದನ್ನ ಗುರುತು ಹಾಕಿದ್ರೆ ಇಲ್ಲಿಂದ ದನಿ ಸ್ವಲ್ಪ ಸ್ವಲ್ಪವೇ ಜೋರು ಮಾಡ್ಕೊಂಡು ಹೋಗು ಅಂತ. ಅಂದ್ರೆ ಅದು ಏರೋ ದಾರಿ, ಏರಿ ನಿಂತ ಜಾಗ ಅಲ್ಲ, ದಾರಿಗೆ ತಲುಪಿದ್ರು ಅಂತ ಬರೆದ ಹಾಗಾಯ್ತು ನಾವು. ಇಂಗ್ಲಿಷ್‌ನವರೇ ಈಗ ತುದಿ ಅನ್ನೋ ಅರ್ಥದಲ್ಲಿ ಬಳಸಿ ಬಳಸಿ ಡಿಕ್ಷನರಿಗೂ ಸೇರಿಸಿದಾರೆ, ಆದ್ರೂ ಕನ್ನಡದಲ್ಲಿ ಬರೆಯೋ ನಮಗೆ ಅದರ ಗೋಜು ಯಾಕೆ ಬೇಕಿತ್ತು ಹೇಳಿ, "ನಾಟಕ ಕಾವೇರ್ತಾ ಹೋಯ್ತು" ಅಂದಿದ್ರೆ ಮುಗೀತಿತ್ತು.

ಇನ್ನು ಕ್ಲೈಮ್ಯಾಕ್ಸ್. ಇದು ಗ್ರೀಕ್ ಪದ, ಅರ್ಥ ಏಣಿ. ನಮ್ಮ ಅಟ್ಟಕ್ಕೆ ಒರಗಿಸ್ತೀವಲ್ಲ ಅದೇ ಏಣಿ. ಮೊದಲು ಅದು ಭಾಷಣ ಮಾಡೋರ ಪದ, ಒಂದು ಮಾತಿಗಿಂತ ಇನ್ನೊಂದು ಮೇಲೆ, ಅದಕ್ಕಿಂತ ಮತ್ತೊಂದು ಮೇಲೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸೋದಕ್ಕೆ ಕ್ಲೈಮ್ಯಾಕ್ಸ್ ಅಂತಿದ್ರು. ಇದನ್ನೇ ನಮ್ಮ ಅಲಂಕಾರಶಾಸ್ತ್ರದೋರು ಸಾರಾಲಂಕಾರ ಅಂತ ಕರೆದ್ರು. ಇಡೀ ಏಣಿಗಿದ್ದ ಹೆಸರು ಆಮೇಲಾಮೇಲೆ ಜನರ ಬಾಯಲ್ಲಿ ಕೊನೇ ಮೆಟ್ಟಿಲಿಗೆ ಅಂಟ್ಕೊಂತು. ನಮ್ಮಲ್ಲಿ ಸಿನಿಮಾದಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು, ಕ್ಲೈಮ್ಯಾಕ್ಸ್ ಫೈಟ್ ಆಗ್ತಿದ್ದ ಹಾಗೆ ಜನ ಚಪ್ಪಲಿ ಹುಡುಕೋಕೆ ಶುರು ಮಾಡ್ತಾರಲ್ಲ, ಹಾಗಾಗಿ ಕ್ಲೈಮ್ಯಾಕ್ಸ್ ಅಂದ್ರೆ ಕೊನೆ ಅಂತ ಮನಸ್ಸಲ್ಲಿ ಕೂತುಬಿಟ್ಟಿದೆ. ನಿಮ್ಮ ಮಕ್ಕಳು ‘ಮುಗಿಯಿತು’ ಅಂತ ಬರೆಯೋದು ಇಲ್ಲಿಂದ ಬಂದಿರೋದು ಅಂತ ನನಗನ್ಸುತ್ತೆ.

ಆದ್ರೆ ತುದಿ ಬೇರೆ, ಕೊನೆ ಬೇರೆ. ನಮ್ಮ ಊರ ನಾಟಕಾನೇ ತಗೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಎಲ್ಲಿ ಹೋದ್ರೂ ರಾತ್ರಿಯಿಡೀ ಕುರುಕ್ಷೇತ್ರದ ಕತೆ ಆಡ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಲೆ ಕೂತು ಕಲಿಸಿರ್ತಾರೆ. ಸಂಧಾನದ ಸೀನಲ್ಲಿ ಕೃಷ್ಣನೂ ದುರ್ಯೋಧನನೂ ಎದುರುಬದುರು ನಿಂತು ಹಾಡೋವಾಗ ಮಲಗಿದ್ದ ಮಕ್ಕಳೂ ಎದ್ದು ಕೂರ್ತಾರೆ, ನನಗೆ ಕ್ಲೈಮ್ಯಾಕ್ಸ್ ಅದೇ. ಅಲ್ಲಿಂದಾಚೆ ಯುದ್ಧ ತಪ್ಪಲ್ಲ ಅಂತ ಎಲ್ಲರಿಗೂ ಗೊತ್ತಾಯ್ತು, ಏಣಿ ಹತ್ತಿದ್ದಾಯ್ತು, ಇನ್ನು ಇಳಿಯೋದೇ. ವೈಶಂಪಾಯನ ಸರೋವರದಿಂದ ಎದ್ದು ಬಂದ ದುರ್ಯೋಧನ ತೊಡೆ ಮುರ್ಕೊಂಡು ಬೀಳೋವಾಗ ಪೂರ್ವದಲ್ಲಿ ಬೆಳಕು ಹರೀತಿರುತ್ತೆ, ಆಮೇಲೆ ಎಲ್ಲಾ ಪಾತ್ರಧಾರಿಗಳೂ ಸತ್ತವರೂ ಬದುಕಿದವರೂ ಒಟ್ಟಿಗೆ ನಿಂತು ಮಂಗಳ ಹಾಡ್ತಾರೆ. ಕೊನೆ ಅಂದ್ರೆ ಅದು.

ಇದು ನನ್ನೊಬ್ಬನ ಮಾತಲ್ಲ. ಗುಸ್ತಾವ್ ಫ್ರೈಟಾಗ್ ಅನ್ನೋ ಜರ್ಮನ್ ಲೇಖಕ 1863ರಲ್ಲಿ ನಾಟಕದ ಕಟ್ಟಡವನ್ನ ಐದು ಭಾಗ ಮಾಡಿ ತೋರಿಸ್ದ, ಅದ್ರಲ್ಲಿ ಕ್ಲೈಮ್ಯಾಕ್ಸ್ ಇರೋದು ಸರಿಯಾಗಿ ನಡುವೆ, ಗೋಪುರದ ತುದಿ ಥರ. ಅವನಿಗಿಂತ ಎಷ್ಟೋ ಶತಮಾನ ಮುಂಚೆ ನಮ್ಮ ಭರತಮುನಿ ನಾಟ್ಯಶಾಸ್ತ್ರದಲ್ಲಿ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಅಂತ ಐದು ಸಂಧಿ, ಅಂದ್ರೆ ಕತೆಯ ಐದು ಘಟ್ಟ, ಹೇಳಿದಾನೆ, ಕೊನೇದಾದ ನಿರ್ವಹಣದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಎಳೆಗಳೆಲ್ಲ ಒಂದು ಕಡೆಗೆ ಬಂದು ಸೇರ್ಬೇಕು. ನಾಟಕದ ಈ ಕೊನೇ ಭಾಗಕ್ಕೆ ಇಂಗ್ಲಿಷ್‌ನವರು ಫ್ರೆಂಚಿಂದ ತಗೊಂಡ ಡೆನೂಮಾ ಅಂತ ಒಂದು ಪದ ಇದೆಯಲ್ಲ, ಅದರ ಅರ್ಥ ಗಂಟು ಬಿಚ್ಚೋದು. ಅರಿಸ್ಟಾಟಲ್ಲೂ ಹೀಗೇ ಹೇಳಿದ್ದು, ದುರಂತ ನಾಟಕ ಅಂದ್ರೆ ಮೊದಲು ಗಂಟು ಹಾಕೋದು ಆಮೇಲೆ ಬಿಚ್ಚೋದು ಅಂತ.

ಕಲ್ಮಿನೇಟ್ ನನಗೆ ಬಹಳ ಇಷ್ಟ. ಲ್ಯಾಟಿನ್ನಲ್ಲಿ ಕಲ್ಮೆನ್ ಅಂದ್ರೆ ತುತ್ತತುದಿ, ಮನೆ ಸೂರಿನ ಮೇಲ್ತುದಿಗೂ ಅದೇ. ಇಂಗ್ಲಿಷ್‌ಗೆ ಬಂದಿದ್ದು ಆಕಾಶ ನೋಡೋರ ಮೂಲಕ, ಒಂದು ನಕ್ಷತ್ರ ಹುಟ್ಟಿ ಏರಿ ಏರಿ ತನ್ನ ದಾರೀಲಿ ಅತಿ ಎತ್ತರಕ್ಕೆ ಬಂದಾಗ ಅದು ಕಲ್ಮಿನೇಟ್ ಆಯ್ತು ಅಂತಾರೆ. ಇದನ್ನ ನಮ್ಮ ರೈತರು ದಿನಾ ಹೇಳ್ತಾರೆ, "ಹೊತ್ತು ನೆತ್ತಿಗೆ ಬಂತು" ಅಂತ! ಹೊತ್ತು ನೆತ್ತಿಗೆ ಬಂದ್ರೆ ದಿನ ಮುಗೀತಾ? ಇಲ್ಲ, ಇನ್ನೂ ಅರ್ಧ ದಿನದ ಕೆಲಸ ಬಿದ್ದಿರುತ್ತೆ. ನಿಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಮನೆಗೆ ಹೋಗಿ ನೋಡಿ, ನಾಲ್ಕು ಜ್ವರ (ಹುಳ ಪೊರೆ ಬಿಡೋದಕ್ಕೆ ಹಾಗಂತಾರೆ) ಎದ್ದು ಹಗಲೂ ರಾತ್ರಿ ಸೊಪ್ಪು ತಿಂದ ಹುಳ ಒಂದಿನ ತಿನ್ನೋದು ಬಿಟ್ಟು ಮೈ ಕಾಮಾಲೆ ಬಂದ ಹಾಗೆ ಹೊಳೆದು ತಲೆ ಎತ್ತಿ ಆಡಿಸುತ್ತೆ, ಆಗ "ಹುಳ ಹಣ್ಣಾಯ್ತು" ಅಂತಾರೆ, ಮನೆಮಂದಿ ಎಲ್ಲಾ ಓಡಿ ಬಂದು ಆಯ್ದು ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟೆಗೆ, ಬಿಡ್ತಾರೆ. ಆವತ್ತೇ ಬೆಳೆಯ ತುದಿ. ಗೂಡು ಕಟ್ಟಿ, ಬಿಡಿಸಿ, ಮಾರ್ಕೆಟ್‌ಗೆ ಹೋಗಿ ದುಡ್ಡು ಕೈಗೆ ಬಂದಾಗಲೇ ಕೊನೆ. ಇಷ್ಟು ಚೆನ್ನಾಗಿರೋ ಹಣ್ಣಾಗು ಅನ್ನೋ ಮಾತನ್ನ ನಾವು ಪತ್ರಿಕೆಯೋರು ಯಾಕೆ ಬಳಸಲ್ಲ ಅಂತ ನನಗೇ ಬೇಜಾರಾಗುತ್ತೆ, ಪರಾಕಾಷ್ಠೆ ಅಂತ ಬರೀತೀವಿ, ಅದೂ ಈಗ ಹೆಚ್ಚಾಗಿ ದರ್ಪಕ್ಕೆ, ಅಹಂಕಾರಕ್ಕೆ ಮೀಸಲಾಗೋಗಿದೆ.

ಫಿನಿಶ್, ಟರ್ಮಿನೇಟ್ ಎರಡೂ ಎಲ್ಲೆಯ ಪದಗಳು. ಟರ್ಮಿನಸ್ ಅಂದ್ರೆ ರೋಮನ್ನರಿಗೆ ನಮ್ಮ ಬಾಂದು ಕಲ್ಲಿನ ಥರದ್ದು, ಅದಕ್ಕೊಬ್ಬ ದೇವರೂ ಇದ್ದ. ಇವನ್ನ ಮಕ್ಕಳು ‘ಮುಗಿಯಿತು’ ಅಂದ್ರೆ ಮಾರ್ಕ್ಸ್ ಕೊಡಿ.

ಈಗ ನಿಮ್ಮ ಸಪ್ಪೆ ಪದದ ವಿಷಯ, ಇಲ್ಲಿ ಮಾತ್ರ ನಾನು ನಿಮ್ಮ ಜೊತೆ ಜಗಳ ಆಡ್ತೀನಿ. ಕನ್‌ಕ್ಲೂಡ್ ಅಂದ್ರೆ ಲ್ಯಾಟಿನ್ನಲ್ಲಿ ಮುಚ್ಚೋದು, ಬಾಗಿಲು ಹಾಕೋದು. ಮುಗಿ ಅಂದ್ರೂ ಹಳಗನ್ನಡದಿಂದ ಮುಚ್ಚಿಕೊಳ್ಳೋದು ಅಂತಾನೇ, ಆದ್ರೆ ಬಾಗಿಲಲ್ಲ ಮೇಷ್ಟ್ರೇ, ಹೂವು. ಸಂಜೆಗೆ ತಾವರೆ ಮುಗಿಯುತ್ತೆ, ದೇವರ ಮುಂದೆ ಕೈ ಮುಗೀತೀವಿ, ಕತೆ ಮುಗಿಯುತ್ತೆ, ಮೂರೂ ಒಂದೇ ಪದ. ಬಿಡಿಬಿಡಿಯಾಗಿ ಅರಳಿದ್ದು ಒಟ್ಟಿಗೆ ಕೂಡಿಕೊಳ್ಳೋದು. ಇದನ್ನ ಸಪ್ಪೆ ಅಂತೀರಾ? ಮತ್ತೆ ತೀರು ಅನ್ನೋದು ನೋಡಿ, ಸಾಲ ತೀರುತ್ತೆ, ಆಸೆ ತೀರುತ್ತೆ, ಅದರಿಂದಾನೇ ತೀರ್ಪು, ತೀರ್ಮಾನ ಹುಟ್ಟಿದ್ದು. ಇಂಗ್ಲಿಷ್‌ನ ಕನ್‌ಕ್ಲೂಷನ್‌ಗೂ ಹೀಗೇ ಎರಡು ಮುಖ, ಕೊನೆ ಅಂತಾನೂ ಆಗುತ್ತೆ ನಿರ್ಧಾರ ಅಂತಾನೂ ಆಗುತ್ತೆ, ಕ್ಲಾಸಲ್ಲಿ ಈ ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿ.

ಕಾಗದದ ಕೊನೇಲಿ ಒಂದು ವಾಕ್ಯ ಕೊಟ್ಟು ಅನುವಾದ ಕೇಳಿದೀರಿ, ಹತ್ತು ದಿನದ ಜಾತ್ರೆ ರಥೋತ್ಸವದಲ್ಲಿ ಕಲ್ಮಿನೇಟ್ ಆಯ್ತು ಅನ್ನೋದು. "ರಥೋತ್ಸವದೊಂದಿಗೆ ಜಾತ್ರೆ ಮುಗಿಯಿತು" ಅಂತ ಬರೆದ್ರೆ ತಪ್ಪು ಹಾಕಿ, ಧೈರ್ಯವಾಗಿ ಹಾಕಿ. "ಹತ್ತು ದಿನದ ಜಾತ್ರೆಗೆ ರಥೋತ್ಸವ ಕಳಶ ಇಟ್ಟ ಹಾಗಿತ್ತು" ಅಂತ ಬರೀಲಿ. ತೇರು ಎಳೆದ ಮೇಲೂ ಓಕುಳಿ ಇರುತ್ತೆ, ಅಂಗಡಿಗಳು ಇರ್ತವೆ, ಮಕ್ಕಳಿಗೆ ಬತ್ತಾಸು ಬುರುಗು ಕೊಡ್ಸೋದು ಇರುತ್ತೆ.