ಜರಡಿ ಸರ್ವರಿನಲ್ಲೇ ಇರಲಿ

ಪ್ರಶ್ನೆ: ನಮ್ಮ ಕಾಫಿ ವ್ಯಾಪಾರದ ಕಚೇರಿಯಲ್ಲಿ ಪೋಸ್ಟ್‌ಫಿಕ್ಸ್ (ಪತ್ರ ಸಾಗಿಸುವ ತಂತ್ರಾಂಶ), ಡವ್‌ಕಾಟ್ (ಅಂಚೆಪೆಟ್ಟಿಗೆ ನೋಡಿಕೊಳ್ಳುವುದು), ಆರ್‌ಸ್ಪ್ಯಾಮ್‌ಡಿ (ಸ್ಪ್ಯಾಮ್ ಗುರುತಿಸುವುದು) ಇರುವ ಮೇಲ್ ಸರ್ವರ್ ಇದೆ. ಸ್ಪ್ಯಾಮ್ ಬೇರ್ಪಡಿಸಲು ಸಿವ್ ಸ್ಕ್ರಿಪ್ಟ್ ಬರೆದಿಟ್ಟೆವು. ಆದರೂ ಎಲ್ಲವೂ ಇನ್‌ಬಾಕ್ಸಿಗೇ ಬೀಳುತ್ತಿದೆ. ಏಕೆ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಪತ್ರ ವಿಂಗಡಿಸುವ ನಿಯಮಗಳನ್ನು ಬರೆಯುವ ಭಾಷೆಯಾದ ಸಿವ್ ಎಂದರೆ ಜರಡಿಯೇ. ಆದರೆ ಕಾಳು ಅದರ ಮೇಲೆ ಬಿದ್ದರೆ ತಾನೆ ಸೋಸುವುದು! ನಿಮ್ಮಲ್ಲಿ ಪೋಸ್ಟ್‌ಫಿಕ್ಸ್ ತಾನೇ ಪತ್ರವನ್ನು ಪೆಟ್ಟಿಗೆಗೆ ಹಾಕುತ್ತಿರಬಹುದು. ಡವ್‌ಕಾಟ್ ಮೂಲಕ ತಲುಪಿದ ಪತ್ರಕ್ಕೆ ಮಾತ್ರ ಸಿವ್ ಓಡುತ್ತದೆ. ಮೇಲ್ ಲಾಗ್ ನೋಡಿ. ವಿಲೇವಾರಿಯ ಸಾಲಿನಲ್ಲಿ ‘ಎಲ್‌ಎಂಟಿಪಿ’ (ಪೋಸ್ಟ್‌ಫಿಕ್ಸ್ ಪತ್ರವನ್ನು ಡವ್‌ಕಾಟ್‌ಗೆ ಒಪ್ಪಿಸುವ ವಿಧಾನ) ಬದಲು ‘ಲೋಕಲ್’ ಅಥವಾ ‘ವರ್ಚುವಲ್’ ಎಂದಿದ್ದರೆ ತೊಡಕು ಅಲ್ಲೇ.

ಡವ್‌ಕಾಟ್‌ನ ಎಲ್‌ಎಂಟಿಪಿ ಮತ್ತು ಸಿವ್ ಪ್ಯಾಕೇಜುಗಳನ್ನು ಹಾಕಿ, ಎಲ್‌ಎಂಟಿಪಿ ವಿಭಾಗದ ಪ್ಲಗಿನ್ ಪಟ್ಟಿಗೆ ಸಿವ್ ಸೇರಿಸಿ. ಪೋಸ್ಟ್‌ಫಿಕ್ಸಿನಲ್ಲಿ ಸಿಸ್ಟಂ ಬಳಕೆದಾರರಿಗೆ ಮೇಲ್‌ಬಾಕ್ಸ್ ಟ್ರಾನ್ಸ್‌ಪೋರ್ಟ್, ವರ್ಚುವಲ್ ಡೊಮೇನ್ ಇದ್ದರೆ ವರ್ಚುವಲ್ ಟ್ರಾನ್ಸ್‌ಪೋರ್ಟ್ ಅನ್ನು ಎಲ್‌ಎಂಟಿಪಿ ಸಾಕೆಟ್‌ಗೆ ತಿರುಗಿಸಿ. ಎರಡೂ ಸೇವೆಗಳನ್ನು ರೀಲೋಡ್ ಮಾಡಿ.

ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ರಿಕ್ವೈರ್’ ಬರೆದು ‘ಫೈಲ್‌ಇಂಟು’ (ಪತ್ರವನ್ನು ಬೇರೆ ಫೋಲ್ಡರಿಗೆ ಹಾಕುವ ಆಜ್ಞೆ) ಕೇಳಿಕೊಳ್ಳಬೇಕು. ಮರೆತರೆ ಸ್ಕ್ರಿಪ್ಟ್ ಕಂಪೈಲ್ ಆಗದೆ ಪತ್ರ ಇನ್‌ಬಾಕ್ಸಿಗೇ ಹೋಗುತ್ತದೆ. ಆರ್‌ಸ್ಪ್ಯಾಮ್‌ಡಿ ಹಚ್ಚುವ ‘ಎಕ್ಸ್-ಸ್ಪ್ಯಾಮ್’ ಹೆಡರ್ ‘ಯೆಸ್’ ಇದ್ದರೆ ಜಂಕ್ ಫೋಲ್ಡರಿಗೆ ಹಾಕಿ. ಎಲ್ಲರಿಗೂ ಅನ್ವಯಿಸಲು, ಬಳಕೆದಾರರ ಸ್ವಂತ ಸ್ಕ್ರಿಪ್ಟಿಗಿಂತ ಮೊದಲು ಓಡುವ ‘ಸಿವ್ ಬಿಫೋರ್’ನಲ್ಲಿಡಿ, ‘ಸಿವ್‌ಸಿ’ ಆಜ್ಞೆಯಿಂದ ರೂಟ್ (ಸರ್ವರಿನ ಪೂರ್ಣಾಧಿಕಾರದ ಖಾತೆ) ಆಗಿ ನೀವೇ ಕಂಪೈಲ್ ಮಾಡಿ; ಏಕೆಂದರೆ ಆ ಡೈರೆಕ್ಟರಿಯಲ್ಲಿ ಬರೆಯಲು ಸಾಮಾನ್ಯವಾಗಿ ಬಳಕೆದಾರರ ಪ್ರಕ್ರಿಯೆಗೆ ಅನುಮತಿ ಇರುವುದಿಲ್ಲ.

ಪತ್ರವನ್ನು ಸದ್ದಿಲ್ಲದೆ ಎಸೆಯುವ ‘ಡಿಸ್ಕಾರ್ಡ್’ ಆಜ್ಞೆಯನ್ನು ಮಾತ್ರ ದಯವಿಟ್ಟು ಬಳಸಬೇಡಿ. ಖರೀದಿದಾರರ ಪತ್ರ ತಪ್ಪಾಗಿ ಸಿಕ್ಕಿಬಿದ್ದರೆ ಮರಳಿ ಸಿಗದು, ಕಳುಹಿಸಿದವರಿಗೂ ಸುಳಿವಿರದು. ಬಳಕೆದಾರರು ತಾವೇ ನಿಯಮ ತಿದ್ದಬೇಕಾದರೆ ಮ್ಯಾನೇಜ್‌ಸಿವ್ ಸೇವೆಗೆ 4190 ಪೋರ್ಟ್ ತೆರೆಯಿರಿ.